ಡಿನ್ ಲಿಗ್ವಿ: ರೋಮನ್ನರ ಕಾಲದಲ್ಲಿ ಊರವರು ಕಟ್ಟಿಕೊಂಡ ಮನೆಗಳು

ಉತ್ತರ ವೇಲ್ಸ್‌ಗೆ ಹೋಗುವ ನಮ್ಮವರು ಸ್ನೋಡನ್ ಬೆಟ್ಟ, ಒಂದೆರಡು ಕೋಟೆ ನೋಡಿ ವಾಪಸ್ ಬರುತ್ತಾರೆ. ಅರ್ಧ ದಿನ ಜಾಸ್ತಿ ಇದ್ದರೆ ಸೇತುವೆ ದಾಟಿ ಆಂಗ್ಲ್‌ಸೀ ದ್ವೀಪದ ಡಿನ್ ಲಿಗ್ವಿಗೆ ಹೋಗಿ.

ಆದರೆ ಮೊದಲು ಕರ್ನಾರ್ವನ್‌ನ ಸೆಗಾಂಟಿಯಂ ನೋಡಿಕೊಳ್ಳಿ. ಕ್ರಿ.ಶ. 77ರ ಹೊತ್ತಿಗೆ ದ್ವೀಪವನ್ನು ಗೆದ್ದ ರೋಮನ್ನರು ಸುಮಾರು 1,000 ಸೈನಿಕರಿಗಾಗಿ ಕಟ್ಟಿದ ಕೋಟೆ ಅದು. ಆಳಿದವರ ಜಾಗ ನೋಡಿದ ಮೇಲೆ ಆಳಿಸಿಕೊಂಡವರ ಮನೆಗೆ ಬಂದರೆ ಮನಸ್ಸಿಗೆ ನಾಟುತ್ತದೆ.

ಡಿನ್ ಲಿಗ್ವಿ ಇರುವುದು ಮೊಯ್ಲ್‌ವ್ರೆ ಊರಿನ ಹತ್ತಿರ. ಟಿಕೆಟ್ ಇಲ್ಲ. ಅಂಗಡಿ, ಶೌಚಾಲಯ ಕೂಡ ಇಲ್ಲ, ಊರಲ್ಲೇ ಮುಗಿಸಿಕೊಂಡು ಬನ್ನಿ. ಕಿರಿದಾದ ರಸ್ತೆ ಪಕ್ಕ ಕೆಲವೇ ಕಾರು ನಿಲ್ಲುತ್ತವೆ. ಅಲ್ಲಿಂದ ಹುಲ್ಲುಗಾವಲಿನಲ್ಲಿ ನಡಿಗೆ. ನಾನು ಬಟ್ಟೆ ಶೂ ಹಾಕಿಕೊಂಡು ಹೋಗಿದ್ದೆ, ಹತ್ತೇ ನಿಮಿಷಕ್ಕೆ ಕಾಲು ಒದ್ದೆ. ನೀರು ಹೋಗದ ಶೂ ಬೇಕೇ ಬೇಕು.

ದಾರಿಯಲ್ಲಿ 12ನೇ ಶತಮಾನದ ಪುಟ್ಟ ಚರ್ಚು ಸಿಗುತ್ತದೆ, ಚಾವಣಿ ಹೋಗಿದೆ. ಅಲ್ಲಿಂದ ಸಮುದ್ರ ಕಾಣುತ್ತದೆ. ಸ್ವಲ್ಪ ಮುಂದೆ ಮರಗಳ ನಡುವೆ ದಪ್ಪನೆಯ ಸುತ್ತುಗೋಡೆ. ಸುಣ್ಣಕಲ್ಲಿನ ಚಪ್ಪಡಿಗಳನ್ನು ಎರಡು ಸಾಲಾಗಿ ನಿಲ್ಲಿಸಿ ನಡುವೆ ಸಣ್ಣ ಕಲ್ಲು ತುಂಬಿದ್ದಾರೆ. ಒಳಗೆ ದುಂಡನೆಯ ಮನೆಗಳೂ ಇವೆ, ಚೌಕದ ಕಟ್ಟಡಗಳೂ ಇವೆ. ಹೊಸ್ತಿಲು ದಾಟಿ ಒಳಗೇ ಹೋಗಬಹುದು.

1905ರಿಂದ 1907ರವರೆಗೆ ಇಲ್ಲಿ ಅಗೆದಾಗ ರೋಮನ್ ನಾಣ್ಯ, ಮಡಕೆ, ಗಾಜು ಸಿಕ್ಕವು. ಹೆಚ್ಚಿನವು 3-4ನೇ ಶತಮಾನದವು. ಚೌಕದ ಕಟ್ಟಡಗಳಲ್ಲಿ ಕಬ್ಬಿಣದ ಕಿಟ್ಟ ಸಿಕ್ಕಿತು, ಅಂದರೆ ಕುಲುಮೆ ಇತ್ತು. ನೋಡಿ, ಸಾಮ್ರಾಜ್ಯ ಬಂದು 200 ವರ್ಷ ದಾಟಿದ ಮೇಲೂ ಇವರು ಅಜ್ಜಂದಿರ ಹಾಗೆ ದುಂಡು ಮನೆಯಲ್ಲೇ ಬಾಳಿದರು. ಕೈಯಲ್ಲಿ ಮಾತ್ರ ರೋಮನ್ ನಾಣ್ಯ. ನನಗೆ ಈ ಜಾಗ ಇಷ್ಟವಾದದ್ದು ಇದಕ್ಕೇ.

ಸುಮ್ನೆ ಫೋಟೋ ತೆಗೆದು ಹೊರಡಬೇಡಿ. ದೊಡ್ಡ ದುಂಡು ಮನೆಯ ನಡುವೆ ಸ್ವಲ್ಪ ಹೊತ್ತು ನಿಲ್ಲಿ. ಒಂದು ಕುಟುಂಬ ಮಲಗಲು, ಅಡುಗೆ ಮಾಡಲು ಎಷ್ಟು ಜಾಗವಿತ್ತು ಅನ್ನುವುದು ಆಗಲೇ ಗೊತ್ತಾಗುವುದು. ಗೋಡೆ ಹತ್ತಬೇಡಿ, ಮಕ್ಕಳಿಗೂ ಹೇಳಿ.

ವಾಪಸ್ ಬರುವಾಗ ಅದೇ ರಸ್ತೆಯಲ್ಲಿ ಹೊಸ ಶಿಲಾಯುಗದ ಕಲ್ಗೋರಿ ಇದೆ. ಮೇಲಿನ ಬಂಡೆಯೊಂದೇ ಸುಮಾರು 25 ಟನ್. ಐದು ನಿಮಿಷ ಸಾಕು, ಬಿಡಬೇಡಿ.