ಕುಬ್ಲಾಯ್ ಖಾನನ ಬಂಧುಪಟ: ಆರನೆಯ ವಾರದ ಕೆಲಸ

ಕಳೆದ ವಾರ ಪೆನ್ಸಿಲಿನಲ್ಲಿ ಬರೆದು ಮುಗಿಸಿದ್ದ, ಮಂಗೋಲ ದೊರೆ ಕುಬ್ಲಾಯ್ ಖಾನನ ಬಂಧುಗಳ ಪಟವನ್ನು ಈ ವಾರ ಅಳಿಸಿ, ಹೊಸ ಡ್ರಾಯಿಂಗ್ ಶೀಟಿನ ಮೇಲೆ ಮೊದಲಿನಿಂದ ಬರೆಯಬೇಕಾಯಿತು. ತಂದೆಯಿಂದ ಮಗನಿಗೆ ಗೆರೆ ಎಳೆಯುತ್ತ ಹೋಗುವ ರೂಢಿಯ ವಂಶವೃಕ್ಷವನ್ನೇ ನಾನು ಅನುಸರಿಸಿದ್ದೆ: ಮೇಲೆ ಚೆಂಗಿಸ್ ಖಾನ್, ಅವನ ಕೆಳಗೆ ಪತ್ನಿ ಬೋರ್ತೆಯ ಮಕ್ಕಳಾದ ಜೋಚಿ, ಚಗತಾಯ್, ಓಗೆದೇಯ್, ತೊಲುಯಿ, ತೊಲುಯಿಯ ಕೆಳಗೆ ಅವನ ಪತ್ನಿ ಸೊರ್ಗಗ್ತಾನಿ ಬೇಕಿಯ ನಾಲ್ವರು ಗಂಡುಮಕ್ಕಳು, ಅಂದರೆ 1209ರಲ್ಲಿ ಹುಟ್ಟಿದ ಮೋಂಕೆ, 1215ರಲ್ಲಿ ಹುಟ್ಟಿದ ಕುಬ್ಲಾಯ್, ಬಳಿಕ ಹುಲಗು, ಕೊನೆಯವನಾಗಿ ಅರಿಕ್ ಬೋಕೆ. ನೋಡಲು ಚೊಕ್ಕವಾಗಿಯೇ ಇತ್ತು. ಆದರೆ ಈ ಅಣ್ಣತಮ್ಮಂದಿರು ಯಾರ ಮನೆಯಲ್ಲಿ ಬೆಳೆದರು, ಯಾರ ಮಾತಿಗೆ ತಲೆಬಾಗಿದರು ಎಂಬುದರ ಸುಳಿವೇ ಅದರಲ್ಲಿರಲಿಲ್ಲ, ಏಕೆಂದರೆ ಹೆಂಗಸರ ಕಡೆಯ ಗೆರೆಗಳನ್ನು ನಾನು ಎಳೆದೇ ಇರಲಿಲ್ಲ.

ಆದ್ದರಿಂದ ಈ ಸಲ ತಾಯಿಯ ತವರಿನಿಂದ ಶುರುಮಾಡಿದೆ. ಸೊರ್ಗಗ್ತಾನಿಯು ಮಂಗೋಲಿಯದ ಕೆರೈತ ಬುಡಕಟ್ಟಿನ ದೊರೆ ಓಂಗ್ ಖಾನನ ತಮ್ಮ ಜಖಾ ಗಂಬುವಿನ ಮಗಳು, ಕ್ರೈಸ್ತ ಮತದವಳು. 1203ರಲ್ಲಿ ಕೆರೈತರು ಸೋತ ಮೇಲೆ ಚೆಂಗಿಸ್ ಖಾನನು ಅವಳ ಅಕ್ಕ ಇಬಕಾಳನ್ನು ತಾನೇ ವರಿಸಿ, ಇನ್ನೊಬ್ಬ ಸೋದರಿ ಬೆಕ್ತುತ್ಮಿಶಳನ್ನು ಜೋಚಿಗೂ ಸೊರ್ಗಗ್ತಾನಿಯನ್ನು ತೊಲುಯಿಗೂ ತಂದುಕೊಂಡನು. ಹೀಗೆ ಅಪ್ಪನೂ ಇಬ್ಬರು ಮಕ್ಕಳೂ ಪರಸ್ಪರ ಷಡ್ಡಕರಾದರು; ಇಬಕಾ ತನ್ನ ತಂಗಿಗೇ ಅತ್ತೆಯ ಸ್ಥಾನದಲ್ಲಿ ನಿಂತಳು; ಉಳಿದಿಬ್ಬರು ಅಕ್ಕತಂಗಿಯರಾಗಿದ್ದವರು ಓರಗಿತ್ತಿಯರೂ ಆದರು. ಮೊದಲು ಗಣಕದಲ್ಲಿ ಪ್ರಯತ್ನಿಸಿದಾಗ ಒಂದೇ ಹೆಸರು ಮೂರು ಕಡೆ ಮೂಡಿ ತಲೆಕೆಡಿಸಿತ್ತು. ಕಾಗದದ ಮೇಲೆ, ಕೆಂಪು ದಾರವೊಂದಕ್ಕೆ ‘ಷಡ್ಡಕ’ ಎಂದು ಬರೆದ ಚೀಟಿ ಕಟ್ಟಿದ್ದರಿಂದಲೇ ಕೆಲಸ ಆಯಿತು. ಇಂಥ ನಂಟಿಗೆ ಸಿದ್ಧವಾದ ಪದವಿರುವ ಭಾಷೆಯಲ್ಲಿ ಪಟ ಬರೆಯುತ್ತಿರುವುದು ನನ್ನ ಪುಣ್ಯವೆಂದೇ ಹೇಳಬೇಕು.

ಹುಲಗುವಿನ ಪಟ್ಟಮಹಿಷಿ ದೋಕುಜ್ ಖಾತೂನಳನ್ನು ಎಲ್ಲಿ ಕೂರಿಸುವುದೆಂಬುದು ಇನ್ನೂ ತೊಡಕಾಗಿತ್ತು. ಅವಳು ಓಂಗ್ ಖಾನನ ಮೊಮ್ಮಗಳು. ಮೊದಲು ತೊಲುಯಿಯ ಪತ್ನಿಯಾಗಿದ್ದು, 1232ರಲ್ಲಿ ಅವನು ತೀರಿಕೊಂಡ ಬಳಿಕ, ಹೆತ್ತ ತಾಯಿಯನ್ನು ಬಿಟ್ಟು ತಂದೆಯ ಉಳಿದ ಹೆಂಡಂದಿರನ್ನು ಮಗ ಕೈಹಿಡಿಯಬಹುದೆಂಬ ಮಂಗೋಲರ ಪದ್ಧತಿಯಂತೆ ಹುಲಗುವಿನ ಪತ್ನಿಯಾದಳು. ಅವಳ ಹೆಸರನ್ನು ಇಬ್ಬರ ನಡುವೆ ಅಡ್ಡಲಾಗಿ ಬರೆದು ಎರಡೂ ಕಡೆಗೆ ದಾರ ಎಳೆದಿದ್ದೇನೆ. 1258ರಲ್ಲಿ ಬಾಗ್ದಾದ್ ಬಿದ್ದಾಗ ಅಲ್ಲಿನ ಕ್ರೈಸ್ತರು ಉಳಿದುಕೊಂಡದ್ದು ಅವಳ ಮಾತಿನಿಂದಲೇ ಎಂಬ ಕಥನವಿರುವುದರಿಂದ ಈ ದಾರ ಸಡಿಲವಾಗಿರಬಾರದು.

ಈ ವಾರ ನನಗೆ ಅತ್ಯಂತ ಹಿಡಿಸಿದ್ದು, ಹಾಲುಣಿಸಿ ಸಾಕಿದವರ ನಂಟನ್ನು ತೋರುವ ಬಿಳಿ ದಾರ. ಪರ್ಷಿಯಾದ ಇತಿಹಾಸಕಾರ ರಶೀದುದ್ದೀನ್ ಹೇಳುವಂತೆ, ಹಸುಗೂಸು ಕುಬ್ಲಾಯ್‌ನನ್ನು ಕಂಡ ಚೆಂಗಿಸ್ ಖಾನನು, ನಮ್ಮ ಮಕ್ಕಳೆಲ್ಲ ಕೆಂಪು ಮೈಯವರಾಗಿರುವಾಗ ಇವನೊಬ್ಬ ಸೋದರಮಾವಂದಿರಂತೆ ಕಪ್ಪಗಿದ್ದಾನೆಂದು ಅಚ್ಚರಿಪಟ್ಟು, ಒಳ್ಳೆಯ ದಾದಿಗೆ ಒಪ್ಪಿಸಲು ಹೇಳಿದನಂತೆ. ಹಾಲುಣಿಸಿದವಳು ತೊಲುಯಿಯದೇ ಇನ್ನೊಬ್ಬ ಪತ್ನಿ ಸರುಕ್. ಎರಡು ತಿಂಗಳ ಬಳಿಕ ಅವಳಿಗೆ ಮೋಗೆ ಹುಟ್ಟಿದಾಗ, ಕುಬ್ಲಾಯ್‌ಗೆ ಹಾಲು ಕಡಿಮೆಯಾಗದಿರಲೆಂದು ತನ್ನ ಮಗುವನ್ನೇ ತಂಗೂತ್ ಜನಾಂಗದ ಹೆಂಗಸೊಬ್ಬಳ ಮಡಿಲಿಗೆ ಹಾಕಿದಳು. ಮೋಂಕೆಯ ಹೆಸರಿನಿಂದ ಮತ್ತೊಂದು ದಾರ ಓಗೆದೇಯ್‌ನ ಮನೆಗೆ ಹೋಗುತ್ತದೆ. ಅವನು ಬೆಳೆದದ್ದು ಆ ದೊಡ್ಡಪ್ಪನ, ಮಕ್ಕಳಿಲ್ಲದ ಪತ್ನಿಯ ಆರೈಕೆಯಲ್ಲಿ. ಹಾಗೆ ಬೆಳೆದವನೇ 1251ರಲ್ಲಿ ಖಾನನಾಗಿ ಓಗೆದೇಯ್‌ನ ಸಂತತಿಯನ್ನು ಹೊಸಕಿದನೆಂಬುದನ್ನು ದಾರ ಕಟ್ಟುವಾಗ ಮರೆಯಲಾಗಲಿಲ್ಲ.

ಕುಬ್ಲಾಯ್ ಮತ್ತು ಅರಿಕ್ ಬೋಕೆಯ ನಡುವಿನ ಜಾಗಕ್ಕೆ ಕಪ್ಪು ದಾರವೇ ಬೇಕಾಯಿತು. ತಂದೆಯ ಮನೆಯ ಒಲೆಯನ್ನು ಕಾಯುವ ಹಕ್ಕು ಕಿರಿಯ ಮಗನದೆಂಬ ಸಂಪ್ರದಾಯವು ಮಂಗೋಲಿಯದಲ್ಲೇ ಉಳಿದಿದ್ದ ಅರಿಕ್ ಬೋಕೆಗೆ ಬಲವಾಗಿತ್ತು. 1259ರಲ್ಲಿ ಮೋಂಕೆ ಸತ್ತ ಮರುವರ್ಷ ಇಬ್ಬರೂ ಬೇರೆ ಬೇರೆ ಕಡೆ ಖಾನರೆಂದು ಘೋಷಿಸಿಕೊಂಡು ಕಾದಾಡಿದರು. 1264ರಲ್ಲಿ ತಮ್ಮ ಶರಣಾದನು. ನಮ್ಮಿಬ್ಬರಲ್ಲಿ ಯಾರದು ನ್ಯಾಯವೆಂದು ಅಣ್ಣ ಕೇಳಿದಾಗ, ಆಗ ನಮ್ಮದಿತ್ತು, ಈಗ ನಿಮ್ಮದು ಎಂದನಂತೆ ತಮ್ಮ. ಆ ಉತ್ತರವನ್ನು ಚಿಕ್ಕ ಅಕ್ಷರಗಳಲ್ಲಿ ಕಪ್ಪು ದಾರದ ಉದ್ದಕ್ಕೂ ಬರೆದಿದ್ದೇನೆ.

ಹುಲಗುವಿಗೂ ಜೋಚಿಯ ಮಗ ಬೆರ್ಕೆಗೂ 1262ರಲ್ಲಿ ಮೊದಲಾದ ಯುದ್ಧಕ್ಕೆ ಶೀಟಿನ ಎಡಮೂಲೆಯನ್ನು ಖಾಲಿ ಬಿಟ್ಟಿದ್ದೇನೆ. ಕಪ್ಪು ದಾರ ಇನ್ನೊಂದು ಉಂಡೆ ತರಬೇಕು.