ಕಮಲಮ್ಮನ್ನ ಸಾಯಿಸಬ್ಯಾಡ್ರಿ

ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸ್ ಓದುವ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ಪಾಠ ಮಾಡುವುದು ಕಷ್ಟವೇನಲ್ಲ. ಬೋರ್ಡ್ ಮೇಲೆ ಚಿತ್ರ ಬಿಡಿಸಿ, ಅದನ್ನು ತರುವ ವೈರಸ್ ಎಚ್‌ಪಿವಿ, ಅದರಲ್ಲೂ 16, 18ರ ತಳಿ ಅಂತ ಬರೆಸಿದರೆ ಪರೀಕ್ಷೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಇಳಿಸುತ್ತಾರೆ. ಅದೇ ಹುಡುಗಿಯನ್ನು ಎಬ್ಬಿಸಿ, "ನಾನು ನಲವತ್ತೈದರ ಹೆಂಗಸು. ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋಗುತ್ತಾ ಅಂತ ನನ್ನನ್ನ ಕೇಳು" ಅನ್ನಿ. ನೆಲ ನೋಡುತ್ತಾಳೆ. ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಾರೆ.

ಅದಕ್ಕೇ ನಾಟಕ ಶುರು ಮಾಡಿದ್ದು.

ಮೊದಲ ನಾಟಕ ನಾನೇ ಬರೆದೆ. ಕಮಲಮ್ಮನಿಗೆ ಬಿಳಿಸೆರಗು ಹೋಗುತ್ತದೆ, ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಅತ್ತೆ ಬೈಯುತ್ತಾಳೆ. ಕೊನೆಗೆ ಕಮಲಮ್ಮ ಸಾಯುತ್ತಾಳೆ. ಅತ್ತೆ ಪಾತ್ರ ನನ್ನದೇ. ಸೆರಗು ಬಾಯಿಗಿಟ್ಟುಕೊಂಡು ಚೆನ್ನಾಗೇ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಮುಗಿದ ಮೇಲೆ ಹಾವೇರಿ ಕಡೆಯ ಹುಡುಗಿಯೊಬ್ಬಳು ಮೆಲ್ಲಗೆ ಅಂದಳು: "ಮೇಡಂ, ಇದನ್ನ ನೋಡಿದ್ರ ನಮ್ಮವ್ವ ಆಸ್ಪತ್ರಿ ಕಡೆ ತಲೆ ಹಾಕಿ ಮಲಗೂದೂ ಇಲ್ರಿ. ಕಮಲಮ್ಮನ್ನ ಸಾಯಿಸಬ್ಯಾಡ್ರಿ."

ಹೌದಲ್ವಾ ಅನಿಸಿತು. ವೈರಸ್ ಹೊಕ್ಕ ಮೇಲೆ ಅದು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷವಾದರೂ ಬೇಕು. ಎಷ್ಟೋ ಸಲ ವೈರಸ್ ತಾನಾಗೇ ಹೋಗಿಬಿಡುತ್ತದೆ. ಉಳಿದರೂ, ಕ್ಯಾನ್ಸರ್ ಆಗುವ ಮುಂಚಿನ ಹಂತದಲ್ಲಿ ಕಂಡರೆ ಗುಣ ಮಾಡಬಹುದು. ನಾನು ಆ ಅಷ್ಟೂ ವರ್ಷ ಬಿಟ್ಟು ಬರೀ ಹೆಣ ತಂದು ಇಟ್ಟಿದ್ದೆ.

ಎರಡನೇ ಸಲ ಕಮಲಮ್ಮ ತಪಾಸಣೆಗೆ ಬಂದಳು. ಹಾಸ್ಟೆಲ್ ಬೆಡ್‌ಶೀಟ್ ಪರದೆಯಾಯಿತು, ಕ್ಲಾಸಿನ ಬೆಂಚು ಟೇಬಲ್ ಆಯಿತು. ಅಡುಗೆಮನೆಯಿಂದ ವಿನೆಗರ್ ಬಾಟಲಿ ಬಂತು. ಮುಚ್ಚಳ ತೆಗೆದ ಕೂಡಲೇ ಯಾರೋ "ಗೋಬಿ ಮಂಚೂರಿ!" ಅಂತ ಕೂಗಿದರು. ನಕ್ಕರೂ ಮಾತು ಸರಿಯೇ. ವಿಐಎ ಅಂದರೆ ಗರ್ಭಕಂಠಕ್ಕೆ ಆಸಿಡ್ ಹಚ್ಚಿ ಬರಿಗಣ್ಣಲ್ಲಿ ನೋಡುವ ತಪಾಸಣೆ. ಅದಕ್ಕೆ ಹಚ್ಚುವ ಅಸಿಟಿಕ್ ಆಸಿಡ್ಡೂ ವಿನೆಗರ್‌ನ ಹುಳಿಯೂ ಒಂದೇ, 5 ಪರ್ಸೆಂಟಿನದು. ಹಚ್ಚಿ ಒಂದು ನಿಮಿಷ ಕಾಯಬೇಕು. ಜೀವಕೋಶ ಬದಲಾದ ಜಾಗ ಬೆಳ್ಳಗಾಗುತ್ತದೆ.

ಆ ಒಂದು ನಿಮಿಷದಲ್ಲೇ ನಾಟಕ ನಿಂತುಹೋಯಿತು. ಸಿಸ್ಟರ್ ಆಗಿದ್ದವಳು ವಾಚ್ ನೋಡುತ್ತಾ ನಿಂತಳು. ಮಾತಿಲ್ಲ. ಪರದೆ ಹಿಂದಿನಿಂದ ಕಮಲಮ್ಮ, ನಾವು ಬರೆದುಕೊಡದ ಮಾತೊಂದನ್ನು ಹೇಳಿದಳು: "ಸಿಸ್ಟರ್, ಯಾಕೆ ಸುಮ್ನಾದ್ರಿ? ಏನಾದ್ರೂ ಕಾಣ್ತಿದೆಯಾ?"

ಯಾರೂ ನಗಲಿಲ್ಲ.

ಅವತ್ತಿನ ಉಳಿದ ಕ್ಲಾಸೆಲ್ಲ ಅದೊಂದೇ ನಿಮಿಷ. ಒಬ್ಬೊಬ್ಬರೇ ಬಂದು ಆಡಿದರು. ಒಬ್ಬಳು "ಏನೂ ಇಲ್ಲಮ್ಮ, ಹೆದರಬೇಡಿ" ಅಂದಳು. ನಾನು ತಡೆದೆ. ಇನ್ನೂ ನೋಡೇ ಇಲ್ಲ, ಏನೂ ಇಲ್ಲ ಅಂತ ಹೇಗೆ ಹೇಳ್ತೀಯ? ಇನ್ನೊಬ್ಬಳು: "ಅಮ್ಮ, ಔಷಧಿ ಹಚ್ಚಿದ್ದೀನಿ, ಸ್ವಲ್ಪ ಚುರುಚುರು ಅನ್ನಬಹುದು. ಒಂದು ನಿಮಿಷ ಕಾಯಬೇಕು. ಬಿಳಿ ಕಂಡರೆ ಕ್ಯಾನ್ಸರ್ ಅಂತಲ್ಲ, ದೊಡ್ಡ ಡಾಕ್ಟರ್ ಹತ್ರ ಇನ್ನೊಂದ್ಸಲ ತೋರಿಸಬೇಕು ಅಂತ ಅಷ್ಟೇ. ಕಾಲು ಸಡಿಲ ಬಿಡಿ." ಇಷ್ಟಕ್ಕೆ ಹದಿನೈದು ಸೆಕೆಂಡ್. ಉಳಿದದ್ದಕ್ಕೆ ಬೆಳಿಗ್ಗೆ ಏನು ತಿಂಡಿ ಮಾಡಿದ್ರಿ ಅಂತ ಕೇಳಿದಳು. ಫುಲ್ ಮಾರ್ಕ್ಸ್ ಕೊಟ್ಟೆ.

ಇದೆಲ್ಲ ಡಾಕ್ಟರ ಕೆಲಸ ಅನ್ನುವವರು ಸ್ಟಾಫ್ ರೂಮಿನಲ್ಲೇ ಇದ್ದಾರೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ ಒಂದು ಅಧ್ಯಯನ ಮಾಡಿದರು. ಅಲ್ಲಿ ವಿನೆಗರ್ ಹಚ್ಚಿ ನೋಡಿದವರು ಹತ್ತನೇ ಕ್ಲಾಸ್ ಓದಿ, ನಾಲ್ಕು ವಾರ ತರಬೇತಿ ಪಡೆದ ಹೆಂಗಸರು. ತಪಾಸಣೆ ಮಾಡಿಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದಾದ ಸಾವು 31 ಪರ್ಸೆಂಟ್ ಕಡಿಮೆಯಾಯಿತು. ಈಗ ಸರ್ಕಾರದ ಕಾರ್ಯಕ್ರಮದಲ್ಲೂ ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ, 1.9.

ಸ್ತನದಲ್ಲಿ ಗಂಟು ಹುಡುಕುವುದನ್ನೂ ಹೀಗೇ ಆಡಿಸಿ ಕಲಿಸಿದೆವು. ಚಪಾತಿ ಹಿಟ್ಟಿನ ಉಂಡೆಯೊಳಗೆ ಒಣ ಬಟಾಣಿ ಹುದುಗಿಸಿ ಕೊಟ್ಟೆವು. ಬೆರಳ ತುದಿಯಿಂದ ಚುಚ್ಚಿದವರಿಗೆ ಸಿಗಲಿಲ್ಲ. ಮೂರು ಬೆರಳು ಚಪ್ಪಟೆ ಇಟ್ಟು ಸುತ್ತಿಸಿದವರಿಗೆ ಸಿಕ್ಕಿತು. ಅದರ ಕಥೆ ಇನ್ನೊಮ್ಮೆ.

ಹೋದ ತಿಂಗಳು ಒಂದು ಹಳ್ಳಿಯ ದೇವಸ್ಥಾನದ ಜಗಲಿಯಲ್ಲಿ ಆಡಿದೆವು. ಪ್ರಶ್ನೆ ಕೇಳಿ ಅಂದೆ. ವೈರಸ್ ಬಗ್ಗೆ, ಕ್ಯಾನ್ಸರ್ ಬಗ್ಗೆ ಕೇಳುತ್ತಾರೆ ಅಂತ ಹುಡುಗಿಯರು ರಾತ್ರಿಯೆಲ್ಲ ಓದಿಕೊಂಡು ಬಂದಿದ್ದರು. ಮುಂದೆ ಕೂತಿದ್ದ ಒಬ್ಬಾಕೆ ಎಲೆಅಡಿಕೆ ಉಗಿದು ಬಂದು ಕೇಳಿದ್ದು ಇಷ್ಟು:

"ಅಲ್ಲಿ ಆ ರೂಮಿಗೆ ಚಿಲಕ ಐತಾ?"

ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಪಾಸಣೆ ಮಾಡುವ ರೂಮಿಗೇ ಹೋಗಿ ನೋಡಿದೆವು. ಇರಲಿಲ್ಲ. ಇಬ್ಬರು ಹುಡುಗಿಯರು ಸೈಕಲ್ ಹತ್ತಿ ಹಾರ್ಡ್‌ವೇರ್ ಅಂಗಡಿಗೆ ಹೊರಟರು. ಸ್ಕ್ರೂ ಮರೆತು ಬಂದಿದ್ದರು, ಮತ್ತೆ ಕಳಿಸಿದೆ.