ಟೆಕ್ಸಾಸ್‌ನ ಪಿಕಪ್ ಎಷ್ಟು ಕ್ವಿಂಟಲ್ ಹೊರುತ್ತದೆ?

ಇಲ್ಲಿ ಟೆಕ್ಸಾಸ್‌ನಲ್ಲಿ ನನ್ನ ಪಿಕಪ್ ಒಂದು ಲಕ್ಷ ಮೈಲಿ ದಾಟಿತು. ನಮ್ಮ ಲೆಕ್ಕದಲ್ಲಿ ಸುಮಾರು 1,60,000 ಕಿಲೋಮೀಟರ್. ಸೇಡಂ, ಚಿತ್ತಾಪುರ ಕಡೆಯ ಗೆಳೆಯರು ಗಾಡಿ ಹೇಗಿದೆ ಅಂತ ಆಗಾಗ ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೆ ಓದುವವರೇ ಎರಡು ಪಾರ್ಟಿ ಆಗಿಬಿಡುತ್ತಾರೆ. ಟೊಯೊಟಾ ಟಕೋಮಾ, ಫೋರ್ಡ್ ರೇಂಜರ್, ಷೆವ್ರೊಲೆ ಕೊಲರಾಡೊ, ನಿಸ್ಸಾನ್ ಫ್ರಾಂಟಿಯರ್, ಇವೆಲ್ಲ ಇಲ್ಲಿ ಮಧ್ಯಮ ಗಾತ್ರದ ಪಿಕಪ್‌ಗಳು. ನನ್ನದೂ ಅದೇ ಸಾಲಿನದು. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ನಾಲ್ಕು ಬಾಗಿಲು, ಹಿಂದೆ ಐದಡಿ ಉದ್ದದ ತೆರೆದ ಬಾಡಿ. ಮಧ್ಯಮ ಅಂದರೂ ಉದ್ದ 5.4 ಮೀಟರ್ ಹತ್ತಿರ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಇದನ್ನು ನಿಲ್ಲಿಸಲು ಹೋದರೆ ಆಟೋದವರ ಜೊತೆ ಜಗಳ ಗ್ಯಾರಂಟಿ. ಇಲ್ಲಿ ಪಕ್ಕಕ್ಕೆ ಫೋರ್ಡ್‌ನ ದೊಡ್ಡ ಪಿಕಪ್ ಎಫ್-150 ಒಂದು ಬಂದು ನಿಂತರೆ ನನ್ನದೇ ಚಿಕ್ಕದು.

ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ತಮ್ಮಾ, ಎಷ್ಟು ಕ್ವಿಂಟಲ್ ಹಿಡಿತದ?" ತೊಗರಿ ಬೆಳೆಯುವವರು ಮತ್ತೇನು ಕೇಳಬೇಕು? ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಎರಡೂ ಸೇರಿ ಇಷ್ಟು ತೂಕ ಮೀರಬಾರದು ಅಂತ. ನನ್ನದರಲ್ಲಿ 1,100 ಪೌಂಡ್, ಅಂದರೆ 500 ಕಿಲೋ. ಮನೆಯ ನಾಲ್ವರು ಕೂತರೆ 260 ಕಿಲೋ ಅಲ್ಲಿಗೇ ಹೋಯಿತು. ಉಳಿದದ್ದು ಎರಡೂವರೆ ಕ್ವಿಂಟಲ್‌ಗೂ ಕಡಿಮೆ.

ಕಾಕಾ ನಂಬಲಿಲ್ಲ. "ನಮ್ಮ ಬೊಲೆರೊ ಪಿಕಪ್ ಹದಿನೇಳು ಹೊರ್ತದ. ಅಷ್ಟು ರೊಕ್ಕ ಕೊಟ್ಟು ಏನ್ ತಗೊಂಡಿ ನೀ?" 1.7 ಟನ್ ಮಾಡೆಲ್ ಇರುವುದು ನಿಜ. ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಹೋಗುವಾಗ ಅದರ ಮೇಲೆ ನಿಜವಾಗಿ ಎಷ್ಟು ಏರಿಸುತ್ತಾರೆ ಅನ್ನುವುದು ಬೇರೆ ಮಾತು.

ಇಲ್ಲಿಯ ಪಿಕಪ್ ಬೆನ್ನ ಮೇಲೆ ಹೊರುವುದಕ್ಕಿಂತ ಹಿಂದೆ ಕಟ್ಟಿ ಎಳೆಯುವುದೇ ಜಾಸ್ತಿ. ನನ್ನದು 6,400 ಪೌಂಡ್, ಅಂದರೆ 2,900 ಕಿಲೋದ ಟ್ರೇಲರ್ ಎಳೆಯುತ್ತದೆ ಅಂತ ಕಂಪನಿ ಹೇಳುತ್ತದೆ. ಇದರಲ್ಲೊಂದು ಒಳಗುಟ್ಟಿದೆ. ಟ್ರೇಲರ್‌ನ ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಅದರ ಮೂತಿಯ ಮೇಲೆ, ಅಂದರೆ ಗಾಡಿಗೆ ಕೊಂಡಿ ಹಾಕುವ ಜಾಗದಲ್ಲಿ, ಕೂರಬೇಕು. ಭಾರ ಹಿಂದಕ್ಕೆ ಜಾಸ್ತಿಯಾದರೆ ಟ್ರೇಲರ್ ಹೈವೇಯಲ್ಲಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಆಗ ಸ್ಟೇರಿಂಗ್ ಹಿಡಿದವರ ಜೀವ ಕೈಯಲ್ಲಿ. ಆದರೆ ಆ ಮೂತಿಯ ಭಾರವೂ ಬಾಗಿಲ ಚೀಟಿಯ 500 ಕಿಲೋದಲ್ಲೇ ಲೆಕ್ಕ. 2,900 ಕಿಲೋ ಎಳೆಯಬೇಕಾದರೆ ಮೂತಿಗೇ ಕನಿಷ್ಠ 290 ಕಿಲೋ ಬೇಕು. ಮನೆಯವರೆಲ್ಲ ಕೂತ ಮೇಲೆ ಅಷ್ಟು ಉಳಿದೇ ಇಲ್ಲವಲ್ಲ! ಅಂದರೆ ಪೂರ್ತಿ ಎಳೆಯಬೇಕಾದರೆ ಯಾರನ್ನೋ ಒಬ್ಬರನ್ನು ಮನೆಯಲ್ಲಿ ಬಿಟ್ಟು ಹೊರಡಬೇಕು. ಶೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಟೊಯೊಟಾದ ಹೈಲಕ್ಸ್ ಪಿಕಪ್ ಇಲ್ಲಿ ಯಾಕೆ ಸಿಗಲ್ಲ ಅಂತ ಸೌದಿಯಲ್ಲಿ ಕೆಲಸ ಮಾಡಿ ಬಂದ ಬೀದರಿನ ಗೆಳೆಯನೊಬ್ಬ ಕೇಳಿದ. ಅದಕ್ಕೆ ದೊಡ್ಡ ಕಾರಣ ಕೋಳಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಗೆ ಯುರೋಪಿನವರು ಸುಂಕ ಏರಿಸಿದರು. ಆ ಸಿಟ್ಟಿಗೆ ಅಮೆರಿಕ 1964ರಿಂದ ಹೊರಗಿನ ಸಣ್ಣ ಟ್ರಕ್‌ಗಳ ಮೇಲೆ 25% ಸುಂಕ ಹಾಕಿತು. ಕೋಳಿ ಜಗಳ ಎಲ್ಲರಿಗೂ ಮರೆತುಹೋಗಿದೆ, ಸುಂಕ ಮಾತ್ರ ಉಳಿದಿದೆ. ಹಾಗಾಗಿ ಜಪಾನಿನವರೂ ಪಿಕಪ್‌ಗಳನ್ನು ಈ ಕಡೆಯೇ ತಯಾರಿಸುತ್ತಾರೆ. ಟೊಯೊಟಾದ ಟಂಡ್ರಾ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ತಯಾರಾಗುತ್ತದೆ, ಟಕೋಮಾ ಮೆಕ್ಸಿಕೊದಲ್ಲಿ.

ಇನ್ನು ಮಣ್ಣು. ಡಾಲಸ್‌ನಿಂದ ಆಸ್ಟಿನ್ ದಾಟಿ ಸ್ಯಾನ್ ಆಂಟೋನಿಯೊವರೆಗೆ ಒಂದು ಪಟ್ಟಿಯಂತೆ ಕಪ್ಪು ಮಣ್ಣು ಹಬ್ಬಿದೆ. ನಮ್ಮ ಎರೆ ಹೊಲದ ಮಣ್ಣಿನದೇ ಜಾತಿ. ಅದರಲ್ಲೊಂದು ಬಗೆಗೆ ಹ್ಯೂಸ್ಟನ್ ಬ್ಲ್ಯಾಕ್ ಅಂತ ಹೆಸರಿಟ್ಟು ರಾಜ್ಯದ ಮಣ್ಣು ಅಂತ ಕರೆಯುತ್ತಾರೆ. ಬೇಸಿಗೆಗೆ ಬಿರುಕು, ಮಳೆಗೆ ಅಂಟು. ಪಾಯ ಅಲುಗಾಡದಿರಲಿ ಅಂತ ಜನ ಬೇಸಿಗೆಯಲ್ಲಿ ಮನೆಯ ಸುತ್ತ ಪೈಪು ಹಾಸಿ ಮಣ್ಣಿಗೆ ನೀರು ಕುಡಿಸುತ್ತಾರೆ. ನಮ್ಮಲ್ಲಿ ಹೇಳಿದರೆ ನಗುತ್ತಾರೆ.

ಗೆಳೆಯನೊಬ್ಬನ ಜಮೀನು ಟೇಲರ್ ಊರಿನ ಹತ್ತಿರ ಇದೇ ಮಣ್ಣಿನಲ್ಲಿದೆ. ಮಳೆ ಬಿದ್ದ ಮೇಲೆ ಅಲ್ಲಿ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ನಂಬಿ ಇಳಿಯಬಾರದು. ಟೈರಿನ ಗೀರುಗಳಲ್ಲಿ ಮಣ್ಣು ತುಂಬಿ ಟೈರು ಲಡ್ಡುವಿನಂತೆ ನುಣ್ಣಗಾಗುತ್ತದೆ. ಎರಡು ಚಕ್ರ ಜಾರುವಲ್ಲಿ ನಾಲ್ಕೂ ಜಾರುತ್ತವೆ, ಅಷ್ಟೇ. ಮರಳು, ಜಲ್ಲಿ, ಒದ್ದೆ ಹುಲ್ಲಿನ ಏರು, ಇಂಥ ಕಡೆ ಮಾತ್ರ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇನ್ನೊಂದು ಮಾತು. ನನ್ನ ಗಾಡಿಯಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ, ಹಿಂದಿನ ಚಕ್ರಗಳು ಒಂದೇ ವೇಗಕ್ಕೆ ಕಟ್ಟಿಕೊಳ್ಳುತ್ತವೆ. ಒಣ ಟಾರ್ ರಸ್ತೆಯಲ್ಲಿ ಹಾಗೆ ಓಡಿಸಿದರೆ ತಿರುವಿನಲ್ಲಿ ಗಾಡಿ ಬಿಗಿದು ಎಗರುತ್ತದೆ, ಒಳಗಿನ ಗೇರ್‌ಗಳಿಗೂ ಕೇಡು.

ಖರ್ಚಿನ ವಿಷಯ. ಲೀಟರಿಗೆ ಎಂಟೂವರೆ ಕಿಲೋಮೀಟರ್ ಕೊಟ್ಟರೆ ಪುಣ್ಯ. ಇಲ್ಲಿ ಪೆಟ್ರೋಲ್ ಅಗ್ಗ, ನಡೆದುಹೋಗುತ್ತದೆ. ಎಂಜಿನ್ ಇದುವರೆಗೆ ಆಯಿಲ್, ಫಿಲ್ಟರ್ ಬಿಟ್ಟು ಏನೂ ಕೇಳಿಲ್ಲ. ಗೇರ್‌ಬಾಕ್ಸ್ ಮಾತ್ರ ಸಣ್ಣ ಏರು ಬಂದರೂ ಐದೋ ಆರೋ ಅಂತ ಒದ್ದಾಡುತ್ತದೆ. ಬ್ಯಾಟರಿ ಬೇಗ ಸತ್ತಿತು. ಬಿಸಿಲಿಗೆ ಬ್ಯಾಟರಿ ಬಾಳುವುದಿಲ್ಲ ಅನ್ನುವುದು ಕಲಬುರಗಿಯವರಿಗೆ ಹೇಳಿಕೊಡಬೇಕಿಲ್ಲ ಅಲ್ವಾ? ಹಿಂದೆ ಲಾರಿಗೆ ಇರುವಂಥ ಪಟ್ಟಿ ಸ್ಪ್ರಿಂಗ್. ಬಾಡಿ ಖಾಲಿ ಇದ್ದರೆ ರಸ್ತೆಯ ಪ್ರತಿ ಉಬ್ಬಿಗೂ ಕುಣಿಯುತ್ತದೆ. ಗೊಬ್ಬರದ ಚೀಲ ಹಾಕಿದ ದಿನ ಕಾರಿನಷ್ಟೇ ಮೆತ್ತಗೆ ಹೋಗುತ್ತದೆ. ಹಿಂದಿನ ಸೀಟು ನೆಟ್ಟಗೆ, ಎಸಿ ಗಾಳಿ ಅಲ್ಲಿಗೆ ಸರಿಯಾಗಿ ಬರುವುದಿಲ್ಲ. ಅವ್ವ ಬಂದಾಗ ಹತ್ತುವುದೇ ಕಷ್ಟವಾಗಿ ಪಕ್ಕಕ್ಕೆ ಮೆಟ್ಟಿಲು ಹಾಕಿಸಬೇಕಾಯಿತು. ಮನೆ ಬದಲಿಸುವ ಗೆಳೆಯರು, ರಾಜ್ಯೋತ್ಸವಕ್ಕೆ ಮೇಜು ಕುರ್ಚಿ ಸಾಗಿಸುವವರು, ಎಲ್ಲರಿಗೂ ನನ್ನ ನಂಬರು ಬಾಯಿಪಾಠ.

ಈಗ ಕಾಕಾನ ಮಗ ಹೈಲಕ್ಸ್ ತಗೊಳ್ಳಲಾ ಅಂತ ಕೇಳುತ್ತಿದ್ದಾನೆ. 2022ರಿಂದ ನಮ್ಮಲ್ಲೂ ಸಿಗುತ್ತದೆ, ಇಸುಜು ವಿ-ಕ್ರಾಸ್ ಅದಕ್ಕೂ ಮೊದಲೇ ಬಂದಿತ್ತು. ಬೆಲೆ 30 ಲಕ್ಷದ ಆಸುಪಾಸು. ತೊಗರಿ ಸಾಗಿಸಲು ಅಂತಾದರೆ ಖಂಡಿತ ಬೇಡ. ಆ ದುಡ್ಡಿನಲ್ಲಿ ಎರಡು ಬೊಲೆರೊ ಪಿಕಪ್ ಬಂದು ಇನ್ನೂ ಉಳಿಯುತ್ತದೆ. ಮನೆಗೆ ಅಂತಾದರೆ ಹಿರಿಯರನ್ನು ಒಂದು ಸಲ ಹಿಂದಿನ ಸೀಟಿನಲ್ಲಿ ಕೂರಿಸಿ ಆಳಂದದವರೆಗೆ ಹೋಗಿ ಬರಲಿ, ಆಮೇಲೆ ಮಾತಾಡೋಣ ಅಂದೆ.

ನನ್ನ ಗಾಡಿಗೆ ಈ ತಿಂಗಳು ಹೊಸ ಟೈರ್ ಬೇಕು. ಈ ಸಲ ದಪ್ಪ ಗೀರಿನ ಆಲ್ ಟೆರೇನ್ ಬೇಡ, ಹೈವೇ ಟೈರ್ ಹಾಕಿಸುತ್ತೇನೆ. ಸದ್ದು ಕಡಿಮೆ, ಮೈಲೇಜ್ ಸ್ವಲ್ಪ ಜಾಸ್ತಿ. ಎರೆ ಮಣ್ಣಿನಲ್ಲಿ ಎರಡೂ ಒಂದೇ.